ಕ್ಷಣಭಂಗುರ ಚಿತ್ರಗಳು

ಛಾಯಾಚಿತ್ರದ ಚರಿತ್ರೆಯ ಮೊದಲ ಪುಟದಲ್ಲಿಯೇ ಒಂದು ಸೋಜಿಗವುಂಟು. ಕ್ಯಾಮರಾ ಮನೆಮಾತಾಗುವುದಕ್ಕೆ ಬಹಳ ಮುಂಚೆ ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಎಂಬಾತ ಬೆಳ್ಳಿಯ ಲವಣವನ್ನು ಸವರಿದ ಕಾಗದದ ಮೇಲೂ ಬಿಳಿಯ ತೊಗಲಿನ ಮೇಲೂ ಎಲೆ, ಕೀಟದ ರೆಕ್ಕೆ ಮೊದಲಾದವುಗಳ ಪ್ರತಿರೂಪವನ್ನು ಬೆಳಕಿನಿಂದಲೇ ಮೂಡಿಸಿದನು. ಆ ಪ್ರಯೋಗಗಳ ವೃತ್ತಾಂತವನ್ನು ಅವನ ಮಿತ್ರನಾದ ಹಂಫ್ರಿ ಡೇವಿ 1802ರಲ್ಲಿ ಪ್ರಕಟಿಸಿದನು. ಚಿತ್ರವೇನೋ ಮೂಡಿತು, ಆದರೆ ನಿಲ್ಲಲಿಲ್ಲ. ಹಗಲಿನ ಬೆಳಕು ಸೋಕಿದೊಡನೆ ಕಾಗದವೆಲ್ಲ ಕಪ್ಪಾಗಿ, ಚಿತ್ರ ಆ ಕಪ್ಪಿನಲ್ಲಿ ಕರಗಿಹೋಗುತ್ತಿತ್ತು. ಕತ್ತಲೆಯಲ್ಲಿ ಬಚ್ಚಿಟ್ಟು, ಮೇಣದ ಬತ್ತಿಯ ಮಂದಪ್ರಕಾಶದಲ್ಲಿ ಕದ್ದು ನೋಡಿದಂತೆ ನೋಡಬೇಕಾಗಿದ್ದ ಚಿತ್ರ ಅದು. ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1819ರಲ್ಲಿ ಕಂಡುಹಿಡಿದಿದ್ದ 'ಹೈಪೋ' ಲವಣದ ಗುಣ 1839ರಲ್ಲಿ ಉಪಯೋಗಕ್ಕೆ ಬಂದ ಮೇಲೆಯೇ ಛಾಯೆಯು ಸ್ಥಿರವಾಗಿ ನಿಂತಿತು.

ಓಡುವ ಚಿತ್ರವನ್ನು ಹಿಡಿದು ನಿಲ್ಲಿಸಲು ಅಷ್ಟು ತಪಸ್ಸು ಮಾಡಿದ ಮಾನವನು, ಇನ್ನೂರು ವರ್ಷ ಕಳೆದ ಮೇಲೆ, ನಿಂತ ಚಿತ್ರವನ್ನು ಓಡಿಸಲು ಅಷ್ಟೇ ಪ್ರಯಾಸಪಡುತ್ತಿರುವುದನ್ನು ಕಂಡರೆ ವಿಧಿಯ ವಿನೋದವೆನ್ನದೆ ಏನೆನ್ನಬೇಕು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಯಲ್ಲಿ 2011ರಲ್ಲಿ ಹುಟ್ಟಿದ 'ಸ್ನ್ಯಾಪ್‌ಚಾಟ್' ಈ ವಿದ್ಯೆಯನ್ನು ಲೋಕಪ್ರಿಯಗೊಳಿಸಿತು. ಕಳುಹಿಸಿದ ಚಿತ್ರವನ್ನು ಎದುರಿನವರು ಕೆಲವು ಸೆಕೆಂಡುಗಳ ಕಾಲ ನೋಡಬಹುದು. ಆಮೇಲೆ ಅದು ಮಾಯ. ಇಂದು ಮನೆಮನೆಗೂ ಬಂದಿರುವ ವಾಟ್ಸಾಪ್ 2021ರ ಆಗಸ್ಟ್ ತಿಂಗಳಿನಲ್ಲಿ ಇದೇ ಬಗೆಯ 'ಒಮ್ಮೆ ಮಾತ್ರ ನೋಡುವ' ಸೌಲಭ್ಯವನ್ನು ಒದಗಿಸಿತು. ಪಡೆದವರು ಚಿತ್ರವನ್ನು ತೆರೆದು ಮುಚ್ಚಿದರೆ ಮುಗಿಯಿತು, ಮತ್ತೆ ತೆರೆಯುವಂತಿಲ್ಲ. ಹದಿನಾಲ್ಕು ದಿನಗಳೊಳಗೆ ತೆರೆಯದೆ ಬಿಟ್ಟರೂ ಅದು ದಕ್ಕುವುದಿಲ್ಲ.

ಇದು ಹರೆಯದವರ ಚೆಲ್ಲಾಟಕ್ಕೆ ಮಾತ್ರ ಮೀಸಲಾದ ಸೌಲಭ್ಯವೆಂದು ಹಿರಿಯರು ಮೂಗು ಮುರಿಯುವುದುಂಟು. ಅದು ಅಷ್ಟು ಸರಿಯಲ್ಲ. ದೂರದ ಊರಿನಲ್ಲಿ ಓದುತ್ತಿರುವ ಮಗನಿಗೆ ತಂದೆಯು ಬ್ಯಾಂಕಿನ ಕಾರ್ಡಿನ ಚಿತ್ರವನ್ನು ಕಳುಹಿಸುತ್ತಾನೆ. ಮೈಮೇಲೆದ್ದ ಬೊಕ್ಕೆಯ ಚಿತ್ರವನ್ನು ಸೊಸೆಯು ವೈದ್ಯೆಯಾದ ಗೆಳತಿಗೆ ತೋರಿಸಬೇಕಾಗುತ್ತದೆ. ಹೊಸದಾಗಿ ಮದುವೆಯಾದ ಹುಡುಗಿ, ಕೆಲಸದ ಮೇಲೆ ಪರಸ್ಥಳಕ್ಕೆ ಹೋದ ಗಂಡನಿಗೆ ಮಾತ್ರವೇ ಎಂದು ಒಂದು ಚಿತ್ರ ತೆಗೆದು ಕಳುಹಿಸುತ್ತಾಳೆ. ಇವರೆಲ್ಲರ ಅಪೇಕ್ಷೆಯೂ ಒಂದೇ: ನೋಡಬೇಕಾದವರು ನೋಡಲಿ, ಆಮೇಲೆ ಅದು ಇಲ್ಲವಾಗಲಿ. ಎದುರೆದುರು ಕುಳಿತು ಆಡಿದ ಮಾತು ಗಾಳಿಯಲ್ಲಿ ಕರಗುವ ಹಾಗೆ ಚಿತ್ರವೂ ಕರಗಲಿ. ಈ ಅಪೇಕ್ಷೆಯಲ್ಲಿ ನಾಚಿಕೆಪಡತಕ್ಕದ್ದು ಯಾವುದೂ ಇಲ್ಲ.

ಇಂತಹ ಚಿತ್ರ ಬಂದಾಗ ಪಡೆದವರು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದರೆ ಒಂದು ಪೇಚು ಎದುರಾಗುತ್ತದೆ. ಉಳಿದ ಸಂದೇಶಗಳೆಲ್ಲ ಕಂಪ್ಯೂಟರಿನ ಪರದೆಯ ಮೇಲೂ ಕಾಣುತ್ತವೆ. ಈ ಒಂದು ಚಿತ್ರ ಮಾತ್ರ ತೆರೆಯುವುದಿಲ್ಲ. ಅದರ ಸ್ಥಾನದಲ್ಲಿ 'ಇದನ್ನು ಫೋನಿನಲ್ಲಿಯೇ ತೆರೆಯಿರಿ' ಎಂಬ ಅರ್ಥದ ಸೂಚನೆ ಬಂದು ನಿಲ್ಲುತ್ತದೆ. ದೊಡ್ಡ ಪರದೆಯ ಮೇಲೆ ನಿಚ್ಚಳವಾಗಿ ನೋಡುವ ಅನುಕೂಲವಿರುವಾಗ ಅಂಗೈಯಗಲದ ಫೋನನ್ನೇ ಹುಡುಕಿ ತೆಗೆಯಬೇಕೇಕೆ ಎಂದು ಎಷ್ಟೋ ಜನ ಗೊಣಗಿಕೊಳ್ಳುತ್ತಾರೆ. ಈ ಸಣ್ಣ ಅನನುಕೂಲದ ಹಿಂದೆ ಒಂದು ದೊಡ್ಡ ಕಾರಣವಿದೆ. ಅದನ್ನು ಅರಿತವರು ಗೊಣಗುವುದಿಲ್ಲ, ಸ್ವಲ್ಪ ಬೆಚ್ಚುತ್ತಾರೆ.

ಫೋನು ಒಂದು ಶಿಸ್ತಿನ ಮನೆ. ಅಲ್ಲಿ ಪ್ರತಿಯೊಂದು ಆ್ಯಪ್‌ಗೂ ಬೇರೆ ಬೇರೆ ಕೋಣೆ. ಒಂದರ ಕೋಣೆಗೆ ಇನ್ನೊಂದು ಇಣುಕುವಂತಿಲ್ಲ. 'ಈ ಪುಟದ ಪಡಿಯಚ್ಚನ್ನು ತೆಗೆಯಲು ಬಿಡಬೇಡ' ಎಂದು ಆ್ಯಪ್ ಕೇಳಿಕೊಂಡರೆ ಫೋನಿನ ಒಳಾಡಳಿತವು ಅದನ್ನು ನಡೆಸಿಕೊಡುತ್ತದೆ. ಸ್ಕ್ರೀನ್‌ಶಾಟ್ ತೆಗೆಯಹೋದವರಿಗೆ ಕಪ್ಪು ಪರದೆಯಷ್ಟೆ ಸಿಗುತ್ತದೆ. ಕಂಪ್ಯೂಟರಿನ ಬ್ರೌಸರ್ ಎಂಬುದು ಹಾಗಲ್ಲ, ಅದೊಂದು ತೊಟ್ಟಿಯ ಮನೆ. ಅಲ್ಲಿಗೆ ಬಂದ ಪುಟದ ಒಳಹೂರಣವನ್ನೆಲ್ಲ ಯಜಮಾನನಾದವನು ಬಿಚ್ಚಿ ನೋಡಬಹುದು, ಬೇಕೆಂದರೆ ತಿದ್ದಲೂಬಹುದು. ತಿದ್ದುವ ಕೆಲಸವನ್ನು ತಾವೇ ಮಾಡಿಕೊಡುವ 'ಎಕ್ಸ್‌ಟೆನ್ಷನ್' ಎಂಬ ಚಿಕ್ಕ ಉಪಕರಣಗಳೂ ಉಂಟು. ಇಂತಹ ಮನೆಯಲ್ಲಿ ಗುಟ್ಟನ್ನು ತಂದಿಡುವುದು ಕ್ಷೇಮವಲ್ಲವೆಂದೇ ಅದನ್ನು ಫೋನಿನೊಳಗೆ ಮಾತ್ರ ತೆರೆಯತಕ್ಕದ್ದೆಂಬ ಕಟ್ಟಳೆ ಮಾಡಲಾಯಿತು.

ಆದರೆ ಕಟ್ಟಳೆಯೆಂಬುದು ಗೋಡೆಯಲ್ಲ. ಇದು 2024ರ ಸೆಪ್ಟೆಂಬರಿನಲ್ಲಿ ಬಯಲಾಯಿತು. 'ಜೆನ್‌ಗೋ' ಎಂಬ ಸಂಸ್ಥೆಯ ಸಂಶೋಧಕರು ಈ ಏರ್ಪಾಟನ್ನು ಬಗೆದು ನೋಡಿದಾಗ ಕಂಡ ಸಂಗತಿ ಇದು: 'ಒಮ್ಮೆ ಮಾತ್ರ' ಎಂಬ ಚಿತ್ರವು ವಾಸ್ತವವಾಗಿ ಇತರ ಚಿತ್ರಗಳಂತೆಯೇ ಬೀಗಮುದ್ರೆಯೊಡನೆ ಹೊರಡುತ್ತಿತ್ತು, ಅದರ ಹಣೆಗೆ 'ಇದನ್ನು ಒಮ್ಮೆ ಮಾತ್ರ ತೋರಿಸತಕ್ಕದ್ದು' ಎಂಬ ಒಂದು ಚೀಟಿ ಅಂಟಿರುತ್ತಿತ್ತು, ಅಷ್ಟೆ. ಆ ಲಕೋಟೆ ಪಡೆಯುವವರ ಫೋನಿಗಷ್ಟೇ ಅಲ್ಲದೆ, ಅದಕ್ಕೆ ಜೋಡಿಸಿದ ಕಂಪ್ಯೂಟರಿಗೂ ಬಂದು ಸೇರುತ್ತಿತ್ತು. ಚೀಟಿಯನ್ನು ಓದಿ ಅದರಂತೆ ನಡೆಯುವ ಹೊಣೆ ಪಡೆಯುವವನ ಯಂತ್ರದ್ದೇ. ಚೀಟಿಯನ್ನು ಕಿತ್ತೆಸೆದರೆ ಲಕೋಟೆಯೊಳಗಿನದು ಸಾಧಾರಣ ಚಿತ್ರ! ಆ ಕಿತ್ತೆಸೆಯುವ ಕೆಲಸಕ್ಕೆಂದೇ ಬ್ರೌಸರಿನ ಎಕ್ಸ್‌ಟೆನ್ಷನ್‌ಗಳು ಆಗಲೇ ಬಳಕೆಗೆ ಬಂದಿದ್ದುವು. ಕಳುಹಿಸಿದವಳು ಚಿತ್ರ ಮಾಯವಾಯಿತೆಂದು ನಿಶ್ಚಿಂತೆಯಿಂದಿರುವಾಗ ಅದು ಯಾವನೋ ಒಬ್ಬನ ಕಂಪ್ಯೂಟರಿನಲ್ಲಿ ಸುಖವಾಗಿ ವಾಸಮಾಡಿಕೊಂಡಿರಬಹುದಾಗಿತ್ತು. ವಾಟ್ಸಾಪ್ ತೇಪೆ ಹಾಕಿತು. ಮೊದಲ ತೇಪೆ ಸಾಲದೆ ಮತ್ತೆ ಹೊಲಿಯಬೇಕಾಯಿತು.

ಈ ಕಥೆ ಹೊಸದೂ ಅಲ್ಲ. ಸ್ನ್ಯಾಪ್‌ಚಾಟ್‌ನ ಬಾಲ್ಯದಲ್ಲಿಯೇ ಇದರ ಪೀಠಿಕೆ ನಡೆದಿತ್ತು. ಮಾಯವಾದವೆಂದು ತಿಳಿದಿದ್ದ ಚಿತ್ರಗಳು ಕೆಲವು ಫೋನುಗಳ ಒಳಮೂಲೆಯಲ್ಲಿ ಹೆಸರಿನ ಬಾಲ ಬದಲಿಸಿಕೊಂಡು ಹಾಗೆಯೇ ಉಳಿದಿರುವುದನ್ನು 2013ರಲ್ಲಿ ಅಮೆರಿಕದ ಯೂಟಾ ರಾಜ್ಯದ ಪರೀಕ್ಷಕರು ತೋರಿಸಿಕೊಟ್ಟರು. ಮರುವರ್ಷ ಮೇ ತಿಂಗಳಿನಲ್ಲಿ ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರೀ ಸಂಸ್ಥೆಯು ಕಂಪನಿಯ ಮೇಲೆ ದೋಷಾರೋಪಣೆ ಮಾಡಿತು. ಫೋನನ್ನು ಒಂದು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಕಡತಗಳನ್ನು ತೆರೆದು ನೋಡಿದರೆ, ಅಳಿದುಹೋದವೆಂದು ನಂಬಿಸಿದ್ದ ಚಲನಚಿತ್ರಿಕೆಗಳು ಅಲ್ಲಿ ಸಿಗುತ್ತಿದ್ದುವೆಂಬುದೂ ಆ ಆರೋಪಗಳಲ್ಲಿ ಒಂದು. ಕಂಪನಿ ರಾಜಿಗೆ ಬಂತು. ಇಪ್ಪತ್ತು ವರ್ಷಗಳ ಕಾಲ ಹೊರಗಿನ ತಜ್ಞರ ನಿಗಾವಣೆಗೆ ಒಳಪಡಬೇಕಾಯಿತು.

ಅದೇ 2014ರ ಅಕ್ಟೋಬರಿನಲ್ಲಿ ನಡೆದುದು ಇದಕ್ಕಿಂತಲೂ ಕಠೋರವಾದುದು. ಸ್ನ್ಯಾಪ್‌ಚಾಟ್‌ನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ ಕಾಪಿಟ್ಟುಕೊಳ್ಳಲು ನೆರವಾಗುತ್ತಿದ್ದ 'ಸ್ನ್ಯಾಪ್‌ಸೇವ್ಡ್' ಎಂಬ ಹೊರಗಿನ ಜಾಲತಾಣವೊಂದಿತ್ತು. ಅನೇಕರು ಕುತೂಹಲದಿಂದಲೋ ಅನುಕೂಲಕ್ಕಾಗಿಯೋ ತಮ್ಮ ಹೆಸರು, ಗುಪ್ತಪದಗಳನ್ನು ಅದಕ್ಕೆ ಒಪ್ಪಿಸಿ ಚಿತ್ರಗಳನ್ನು ನೋಡಿದರು. ನೋಡಿದ ಚಿತ್ರಗಳು ಆ ತಾಣದ ಉಗ್ರಾಣದಲ್ಲಿಯೂ ಶೇಖರವಾದುವು. ಕಳ್ಳರು ಆ ಉಗ್ರಾಣಕ್ಕೇ ಕನ್ನ ಹಾಕಿದರು. ಸಹಸ್ರಾರು ಚಿತ್ರಗಳು ಬೀದಿಪಾಲಾದುವು. ಆ ಚಿತ್ರಗಳಲ್ಲಿದ್ದವರ ಪೈಕಿ ಎಷ್ಟೋ ಮಂದಿ ಆ ತಾಣದ ಹೆಸರನ್ನೇ ಕೇಳಿದವರಲ್ಲ. ಅವರು ಗೆಳೆಯನೊಬ್ಬನಿಗೆ ಚಿತ್ರ ಕಳುಹಿಸಿದ್ದರು. ಕದ ತೆರೆದುಕೊಟ್ಟವನು ಆ ಗೆಳೆಯ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಮಾಯವಾಗುವ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿಕೊಡುತ್ತೇವೆಂದು ಆಸೆಯೊಡ್ಡುವ ಹೊರಗಿನ ಉಪಕರಣಗಳು ಇಂದಿಗೂ ಅಲ್ಲಲ್ಲಿ ತಲೆಹಾಕುತ್ತವೆ. ಅವುಗಳಿಗೆ ಗುಪ್ತಪದವನ್ನು ಕೊಡುವವರು ಮನೆಯ ಬೀಗದ ಕೈಯನ್ನು ದಾರಿಹೋಕನ ಕೈಗೆ ಕೊಟ್ಟಂತೆ. ಇಣುಕಿ ನೋಡಲು ಹೋದವನ ಮನೆಯೇ ಮೊದಲು ಲೂಟಿಯಾದೀತು.

ಎಂಜಿನಿಯರುಗಳು ಸುಮ್ಮನೆ ಕುಳಿತಿಲ್ಲ. ವಾಟ್ಸಾಪ್‌ನಲ್ಲಿ ಈ ಚಿತ್ರಗಳ ಸ್ಕ್ರೀನ್‌ಶಾಟ್ ತೆಗೆಯದಂತೆ ತಡೆಯುವುದಾಗಿ 2022ರಲ್ಲಿ ಪ್ರಕಟಿಸಲಾಯಿತು. ಸ್ನ್ಯಾಪ್‌ಚಾಟ್ ಅದೇ ವರ್ಷ ಕಂಪ್ಯೂಟರಿಗೂ ಕಾಲಿಟ್ಟಾಗ, ನೋಡುಗನು ಬೇರೆ ಕೆಲಸದತ್ತ ತಿರುಗಿದೊಡನೆ ಕಿಟಕಿಯನ್ನು ಮರೆಮಾಡುವ ಉಪಾಯವನ್ನು ಜೊತೆಗೇ ತಂದಿತು. ಆದರೆ ಇವರು ಚಾಪೆಯ ಕೆಳಗೆ ನುಸುಳಿದರೆ ಅವರು ರಂಗೋಲಿಯ ಕೆಳಗೆ ನುಸುಳುತ್ತಾರೆ. ಎಲ್ಲ ಬಾಗಿಲುಗಳನ್ನೂ ಮುಚ್ಚಿದರೂ ಮುಚ್ಚಲಾಗದ ಕಿಂಡಿ ಒಂದು ಉಳಿದೇ ಇರುತ್ತದೆ: ಪರದೆಯ ಮೇಲೆ ಬೆಳಗುತ್ತಿರುವ ಚಿತ್ರದ ಎದುರಿಗೆ ಇನ್ನೊಂದು ಫೋನನ್ನು ಹಿಡಿದು ಚಿತ್ರ ತೆಗೆದರೆ ಯಾವ ಯಂತ್ರ ತಡೆದೀತು? ಮನುಷ್ಯನ ಕಣ್ಣಿಗೆ ಕಾಣುವುದೆಲ್ಲ ಕ್ಯಾಮರಾದ ಕಣ್ಣಿಗೂ ಕಾಣುತ್ತದೆ. ಕಾಣಿಸಬೇಕು, ಉಳಿಯಬಾರದು ಎಂಬ ಎರಡು ಆಸೆಗಳನ್ನು ಪೂರ್ಣವಾಗಿ ಒಂದುಗೂಡಿಸುವ ಯಂತ್ರ ಇನ್ನೂ ಹುಟ್ಟಿಲ್ಲ.

ಕನ್ನಡನಾಡಿನ ಹಿಂದಿನವರು 'ಕಡತ'ವೆಂಬ ಲೇಖನಸಾಧನವನ್ನು ಬಳಸುತ್ತಿದ್ದರು. ಹುಣಿಸೆಬೀಜದ ಸರಿ, ಇದ್ದಲಪುಡಿ ಬೆರೆಸಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದಾಗ ಒರಸಿ ಮತ್ತೆ ಬರೆಯುವುದು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾದುವು. ಒರಸಬಹುದಾದ ಆ ಬರಹ ತಲೆಮಾರುಗಳನ್ನು ದಾಟಿ ಉಳಿದು ಬಂದಿದೆ. ಕಾರಣ ಸರಳವಾದುದು: ಒರಸುವ ಅಧಿಕಾರ ಬರಹದಲ್ಲಿರಲಿಲ್ಲ, ಅದು ಯಾರ ಬಳಿಯಿತ್ತೋ ಅವರ ಕೈಯಲ್ಲಿತ್ತು, ಅವರು ಉಳಿಸಬೇಕೆಂದರು, ಉಳಿಯಿತು. ಇಂದಿನ ಕ್ಷಣಭಂಗುರ ಚಿತ್ರದ ಪಾಡೂ ಅದೇ. ಕಳುಹಿಸಿದವರು ಮಾಯವಾಗಲೆಂದು ಹರಸಿದರೂ ಅದರ ಆಯುಷ್ಯ ಪಡೆದವರ ಕೈಯಲ್ಲಿದೆ.

ಆದ್ದರಿಂದ ಪ್ರಶ್ನೆಯು ಯಂತ್ರದಿಂದ ಮನುಷ್ಯನತ್ತ ತಿರುಗುತ್ತದೆ. ಮನುಷ್ಯನು ತಪ್ಪಿದಲ್ಲಿ ಕಾನೂನಿನತ್ತ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಅವರ ಸಮ್ಮತಿಯಿಲ್ಲದೆ ತೆಗೆಯುವುದೂ ಹರಡುವುದೂ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ವಿಧಿಯಂತೆ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ವಿಧಿಯು ಇನ್ನೊಂದು ಸೂಕ್ಷ್ಮವನ್ನು ಗುರುತಿಸಿದೆ. ಹೆಣ್ಣುಮಗಳು ತನ್ನ ಏಕಾಂತದ ಚಿತ್ರವನ್ನು ತೆಗೆಯಲು ಒಪ್ಪಿದ್ದರೂ ಅದನ್ನು ಮೂರನೆಯವರಿಗೆ ಹಂಚಲು ಒಪ್ಪಿರದಿದ್ದರೆ, ಹಂಚುವುದು ಅಪರಾಧವೇ. 'ಅವಳೇ ಕಳುಹಿಸಿದಳಲ್ಲ!' ಎಂಬ ಸಮಜಾಯಿಷಿ ನ್ಯಾಯಾಸನದ ಮುಂದೆ ನಿಲ್ಲತಕ್ಕದ್ದಲ್ಲ.

ದುರದೃಷ್ಟವಶಾತ್ ಆ ಮಾತು ನ್ಯಾಯಾಸನಕ್ಕಿಂತ ಮುಂಚೆ ಮನೆಯ ಪಡಸಾಲೆಯಲ್ಲಿಯೇ ಕೇಳಿಬರುತ್ತದೆ. ಚಿತ್ರ ಹರಡಿದೆಯೆಂದು ಅಳುತ್ತ ಬಂದ ಮಗಳಿಗೆ 'ಕಳುಹಿಸಿದ್ದೇಕೆ?' ಎಂಬ ಪ್ರಶ್ನೆಯೇ ಮೊದಲು ಎದುರಾದರೆ, ಮುಂದೆ ಅವಳು ಯಾವ ಕಷ್ಟವನ್ನೂ ಹೇಳಿಕೊಳ್ಳಲಾರಳು. ಬೆದರಿಸುವ ದುಷ್ಟರಿಗೆ ಬೇಕಾದುದೂ ಆ ಮೌನವೇ. ತಂದೆತಾಯಿಗಳು ಆ ಗಳಿಗೆಯಲ್ಲಿ ಮಾಡಬೇಕಾದ ಕೆಲಸ ಬೇರೆ. ಬಂದ ಬೆದರಿಕೆಯ ಸಂದೇಶಗಳನ್ನು ಅಳಿಸದೆ ಕಾದಿಡಬೇಕು. ಹಣ ತೆರಬಾರದು, ಒಮ್ಮೆ ತೆತ್ತವರ ಬಾಗಿಲನ್ನು ಬೆದರಿಸುವವನು ಮತ್ತೆ ತಟ್ಟುತ್ತಾನೆ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ 1930 ಸಂಖ್ಯೆಗೆ ದೂರು ಕೊಡಬೇಕು. ವಯಸ್ಕರಿಗೆ 2021ರಲ್ಲಿ ಆರಂಭವಾದ 'ಸ್ಟಾಪ್ ಎನ್‌ಸಿಐಐ' ಎಂಬ ತಾಣವೂ, ಹದಿನೆಂಟರೊಳಗಿನವರ ಚಿತ್ರಗಳಿಗೆ 2023ರಲ್ಲಿ ಆರಂಭವಾದ 'ಟೇಕ್ ಇಟ್ ಡೌನ್' ಎಂಬ ತಾಣವೂ ನೆರವಾಗುತ್ತವೆ. ಅವುಗಳಿಗೆ ಚಿತ್ರವನ್ನು ಕಳುಹಿಸಬೇಕಾಗಿಲ್ಲ. ಚಿತ್ರದಿಂದ ಬೆರಳಚ್ಚಿನಂತಹ ಒಂದು ಗುರುತಿನ ಸಂಖ್ಯೆಯು ಸ್ವಂತ ಯಂತ್ರದಲ್ಲಿಯೇ ಸಿದ್ಧವಾಗಿ ಹೋಗುತ್ತದೆ. ಅದರೊಡನೆ ಹೊಂದುವ ಚಿತ್ರವನ್ನು ಸಹಕರಿಸುವ ಕಂಪನಿಗಳು ತಮ್ಮ ತಾಣಗಳಲ್ಲಿ ತಡೆಯುತ್ತವೆ.

ಹಾಗಾದರೆ 'ಒಮ್ಮೆ ಮಾತ್ರ' ಎಂಬ ಆ ಗುರುತು ನಿಷ್ಪ್ರಯೋಜಕವೇ? ಹಾಗೆನ್ನಲಾಗದು. ಪ್ರಾಮಾಣಿಕರ ನಡುವೆ ಅದು ಒಳ್ಳೆಯ ಉಪಕಾರವನ್ನೇ ಮಾಡುತ್ತದೆ. ಕಾರ್ಡಿನ ಚಿತ್ರ ಮಗನ ಫೋನಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದು, ಫೋನು ಕಳುವಾದಾಗ ಕಳ್ಳನ ಕೈಸೇರುವುದು ತಪ್ಪುತ್ತದೆ. ಆದರೆ ಅಪ್ರಾಮಾಣಿಕನ ಮುಂದೆ ಅದಕ್ಕೆ ಬಲವಿಲ್ಲ. ಆದ್ದರಿಂದ ಕಳುಹಿಸುವವರು ಆ ಗುರುತಿನ ಬಲಕ್ಕಿಂತ ಎದುರಿನವರ ಗುಣವನ್ನು ತೂಗಿ ನೋಡುವುದು ಲೇಸು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಚಿತ್ರವನ್ನೂ ಸೇರಿಸಿಕೊಳ್ಳುವ ಕಾಲ ಬಂದಿದೆ.

ಪಡೆದವರ ಹೊಣೆ ಇದಕ್ಕಿಂತ ದೊಡ್ಡದು. ಕಂಪ್ಯೂಟರಿನ ಪರದೆಯ ಮೇಲೆ 'ಫೋನಿನಲ್ಲಿಯೇ ತೆರೆಯಿರಿ' ಎಂಬ ಸೂಚನೆಯನ್ನು ಕಂಡವರು, ಅದನ್ನು ಬರೆದದ್ದು ಯಾವುದೋ ಕಂಪನಿಯೆಂದು ಭಾವಿಸಬೇಕಾಗಿಲ್ಲ. ಅದು ಕಳುಹಿಸಿದವರ ಕೋರಿಕೆ. 'ನಿಮ್ಮನ್ನು ನಂಬಿ ತೋರಿಸಿದ್ದೇನೆ. ನೋಡಿ, ಮರೆತುಬಿಡಿ' ಎಂದು ಅದರ ಅರ್ಥ. ಆ ಕೋರಿಕೆಯನ್ನು ಮೀರುವ ಜಾಣತನ ಕಲಿಯುವುದು ಕಷ್ಟವೇನಲ್ಲ. ಮೀರದಿರುವ ದೊಡ್ಡತನವನ್ನು ಮಾತ್ರ ಯಾವ ಎಕ್ಸ್‌ಟೆನ್ಷನ್ನೂ ತಂದುಕೊಡಲಾರದು.