ಅಂಕಿತ ಬಸವಣ್ಣನವರದು, ಮಾತು ಯಾರದು?

ಮೊಬೈಲಿನಿಂದ ಮಕ್ಕಳು ಹಾಳಾಗುತ್ತಿದ್ದಾರೆ ಎಂಬ ಮಾತು ಕೇಳದ ಸಭೆ ಈಗ ನಮ್ಮಲ್ಲಿಲ್ಲ. ಶರಣ ಸಂಗಮವಿರಲಿ, ಮದುವೆ ಮಂಟಪವಿರಲಿ, ಹಿರಿಯರು ಮೈಕ್ ಹಿಡಿದರೆ ಈ ಮಾತು ಬಂದೇ ಬರುತ್ತದೆ. ನನ್ನ ದೂರು ಬೇರೆ. ಮೊಬೈಲಿನಿಂದ ಬಸವ ಧರ್ಮಕ್ಕೆ ಆಗುತ್ತಿರುವ ಹಾನಿಯಲ್ಲಿ ಮಕ್ಕಳ ಪಾಲು ಕಡಿಮೆ. ಪಿಂಚಣಿ ಪಡೆಯುತ್ತಾ, ಬೆಳಗಿನ ಲಿಂಗಪೂಜೆ ಮುಗಿಸಿ, ಕಾಫಿ ಲೋಟದ ಜೊತೆಗೆ ಫೋನು ಹಿಡಿದು ಕೂರುವ ನನ್ನಂಥ ಅರವತ್ತು ದಾಟಿದವರ ಪಾಲೇ ಹೆಚ್ಚು. ಇದನ್ನು ಯಾರನ್ನೋ ಬೈಯಲು ಹೇಳುತ್ತಿಲ್ಲ. ನನ್ನ ತಪ್ಪನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಶಿವಮೊಗ್ಗ–ಭದ್ರಾವತಿ ರಸ್ತೆಯ ನಮ್ಮ ಮಲವಗೊಪ್ಪದಲ್ಲಿ ಬೆಳಗಿನ ಬಸ್ಸುಗಳ ಸದ್ದು ಶುರುವಾಗುವ ಹೊತ್ತಿಗೆ ನನ್ನ ಫೋನಿಗೆ ಹತ್ತಿಪ್ಪತ್ತು ಶುಭೋದಯಗಳು ಬಂದು ಬಿದ್ದಿರುತ್ತವೆ. ಒಂದರಲ್ಲಿ ಕುದುರೆ ಏರಿದ ಬಸವಣ್ಣನವರ ಚಿತ್ರ, ಕೆಳಗೆ ಎಂಟು ಹತ್ತು ಸಾಲು, ಕೊನೆಗೆ ‘ಕೂಡಲಸಂಗಮದೇವ’. ಅಂಕಿತ ಕಂಡ ಕೂಡಲೇ ಕೈ ತಾನಾಗಿಯೇ ಮುಗಿಯುತ್ತದೆ, ಬೆರಳು ತಾನಾಗಿಯೇ ಫಾರ್ವರ್ಡ್ ಒತ್ತುತ್ತದೆ. ಅಂಥದೊಂದನ್ನು ನಾನು ನಮ್ಮ ಮನೆತನದ ಗುಂಪಿಗೆ ಕಳಿಸಿದೆ. ಚಿತ್ರ ಚೆನ್ನಾಗಿತ್ತು. ಸಾಲುಗಳನ್ನು ಪೂರ್ತಿ ಓದಿರಲಿಲ್ಲ.

ಒಂದು ತಿಂಗಳ ನಂತರ ನನ್ನ ತಮ್ಮನ ಮನೆಯಲ್ಲಿ ಮಾತುಕತೆಗೆ ಕೂತಿದ್ದೆವು. ತಮ್ಮನ ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಾಳೆ. ಹುಡುಗ ಓದಿದವನು, ಲಿಂಗವಂತನೇ, ಕೊರಳಲ್ಲಿ ಇಷ್ಟಲಿಂಗವಿದೆ. ಒಳಪಂಗಡ ಬೇರೆ, ಅಷ್ಟೇ. ನಾನು ಹುಡುಗಿಯ ಪರವಾಗಿ ಮಾತಾಡಿದೆ. ತಮ್ಮ ಎದ್ದು ಹೋಗಿ ಫೋನು ತಂದು ಓದತೊಡಗಿದ. ಹಕ್ಕಿ ತನ್ನ ಗುಂಪಿನ ಜೊತೆಗೇ ಹಾರಬೇಕು, ಹೆಣ್ಣುಮಗಳು ಹಿರಿಯರು ಎಳೆದ ಗೆರೆ ದಾಟಬಾರದು ಎಂಬ ಅರ್ಥದ ಸಾಲುಗಳು. ಕೊನೆಗೆ ಅದೇ ಅಂಕಿತ. ಬಸವಣ್ಣನವರೇ ಹೇಳಿದ್ದಾರೆ, ಇನ್ನೇನು ಉಳಿಯಿತು ಎಂದ. ಹುಡುಗಿ ಅಳಲಿಲ್ಲ, ಜಗಳವಾಡಲಿಲ್ಲ. “ದೊಡ್ಡಪ್ಪ, ಇದು ಯಾವ ಸಂಪುಟದಲ್ಲಿದೆ, ಎಷ್ಟನೇ ವಚನ?” ಎಂದು ನನ್ನನ್ನು ಕೇಳಿದಳು.

ಮನೆಗೆ ಬಂದು ಎರಡು ದಿನ ಹುಡುಕಿದೆ. ಎಲ್ಲಿಯೂ ಇರಲಿಲ್ಲ. ತಮ್ಮನಿಗೆ ಫೋನು ಮಾಡಿ ಅದು ಸುಳ್ಳು ವಚನ ಎಂದೆ. ಅವನು ಹೇಳಿದ್ದು ಇಷ್ಟು: “ಅಣ್ಣ, ಈಗ ಸುಳ್ಳು ಅಂತೀಯ. ಹೋದ ತಿಂಗಳು ಕೈ ಮುಗಿಯೋ ಗುರುತು ಹಾಕಿ ಗುಂಪಿಗೆ ಕಳಿಸಿದ್ದು ನೀನೇ.” ನನ್ನ ಬಳಿ ಉತ್ತರವಿರಲಿಲ್ಲ. ಆ ಮನೆಯ ಮಾತುಕತೆ ಇನ್ನೂ ಮುಗಿದಿಲ್ಲ.

ಶರಣ ಬಂಧುಗಳೇ, ಇದರ ವಿಪರ್ಯಾಸ ನೋಡಿ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ನಡೆಯಿತೆಂದೇ ಕಲ್ಯಾಣದಲ್ಲಿ ಕ್ರಾಂತಿಯಾಯಿತು, ಆ ಇಬ್ಬರು ತಂದೆಯರು ಪ್ರಾಣ ತೆತ್ತರು ಎಂದು ನಮ್ಮ ಪರಂಪರೆ ಎಂಟು ಶತಮಾನಗಳಿಂದ ಹೇಳುತ್ತಾ ಬಂದಿದೆ. ಆ ಮದುವೆಯ ಬೆನ್ನಿಗೆ ನಿಂತ ಬಸವಣ್ಣನವರ ಅಂಕಿತವನ್ನೇ ತಂದು, ಒಳಪಂಗಡದ ಗೋಡೆಗೆ ಸಿಮೆಂಟು ಮಾಡಿಕೊಂಡಿದ್ದೇವೆ. ವಿರೋಧಿಗಳು ಹೊರಗಿನಿಂದ ಮಾಡಲಾಗದ್ದನ್ನು ನಾವು ಒಳಗಿನಿಂದ, ಭಕ್ತಿಯಿಂದ, ಉಚಿತ ಡೇಟಾದಲ್ಲಿ ಮಾಡುತ್ತಿದ್ದೇವೆ.

ಅಂಕಿತ ಎಂದರೆ ಏನು? ನಾನು ಸರ್ಕಾರಿ ಎಂಜಿನಿಯರ್ ಆಗಿದ್ದವನು, ನನಗೆ ತಿಳಿದ ಉದಾಹರಣೆಯಲ್ಲೇ ಹೇಳುತ್ತೇನೆ. ನಮ್ಮ ಇಲಾಖೆಯಲ್ಲಿ ಎಂ.ಬಿ. ಎಂಬ ಅಳತೆ ಪುಸ್ತಕವಿರುತ್ತದೆ. ಕೆಲಸ ಅಳೆದವನು ಅದರಲ್ಲಿ ಬರೆದು ಸಹಿ ಮಾಡಬೇಕು, ಮೇಲಿನವನು ಪರಿಶೀಲಿಸಿ ಸಹಿ ಮಾಡಬೇಕು. ಪುಟಗಳಿಗೆ ಸಂಖ್ಯೆ ಇರುತ್ತದೆ, ಹಾಳೆ ಹರಿಯುವಂತಿಲ್ಲ. ತಪ್ಪಾದರೆ ಉಜ್ಜಿ ಅಳಿಸುವಂತಿಲ್ಲ. ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಅಲ್ಲಿ ಮತ್ತೆ ಸಹಿ ಹಾಕಬೇಕು. ಇಪ್ಪತ್ತು ವರ್ಷದ ಮೇಲೆ ಸೇತುವೆ ಬಿರುಕು ಬಿಟ್ಟರೂ ಯಾರು ಅಳೆದರು, ಯಾರು ಒಪ್ಪಿದರು ಎಂದು ಕೇಳಬಹುದು. ಇನ್ನೊಬ್ಬರ ಸಹಿಯನ್ನು ನಾನು ಹಾಕಿದ್ದರೆ ನನ್ನ ನೌಕರಿ ಹೋಗುತ್ತಿತ್ತು, ಜೈಲೂ ಆಗುತ್ತಿತ್ತು. ಅಂಕಿತವೂ ಒಂದು ಸಹಿ. ಈ ಮಾತು ನನ್ನ ಅನುಭಾವದಿಂದ ಬಂದದ್ದು, ನನ್ನ ದೈವದ ಎದುರು ನಿಂತು ಆಡಿದ್ದು ಎಂಬ ಹೊಣೆಯ ಗುರುತು. ಗುಹೇಶ್ವರ ಎಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅದನ್ನು ನಮ್ಮ ಮಾತಿನ ಕೆಳಗೆ ಅಂಟಿಸುವುದಕ್ಕೆ ಕನ್ನಡದಲ್ಲಿ ಒಂದೇ ಹೆಸರು: ನಕಲಿ ಸಹಿ.

ಈ ಅಂಕಿತದ ಪ್ರಶ್ನೆಗೆ ನಮ್ಮ ಸಮಾಜ ಎಷ್ಟು ತಲೆ ಕೆಡಿಸಿಕೊಂಡಿತ್ತು ಎಂಬುದನ್ನು ನೆನೆಯಿರಿ. ಪೂಜ್ಯ ಮಾತೆ ಮಹಾದೇವಿಯವರು ‘ವಚನದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬುದನ್ನು ‘ಲಿಂಗದೇವ’ ಎಂದು ಮಾಡಿದಾಗ ಬೀದಿಯಲ್ಲಿ ಹೋರಾಟವಾಯಿತು. 1998ರಲ್ಲಿ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಆ ನಿಷೇಧವೇ ಉಳಿಯಿತು. ಆ ವಾದದಲ್ಲಿ ಈ ಪತ್ರಿಕೆಯ ಓದುಗರು ಎರಡೂ ಕಡೆ ಇದ್ದೀರಿ. ಅದನ್ನು ಕೆದಕುವುದು ನನ್ನ ಉದ್ದೇಶವಲ್ಲ. ಒಂದು ಮಾತನ್ನಂತೂ ಎಲ್ಲರೂ ಒಪ್ಪಬೇಕು. ಮಾತಾಜಿಯವರು ಮಾಡಿದ್ದನ್ನು ತಮ್ಮ ಹೆಸರಿನಲ್ಲಿ, ತಮ್ಮ ಪುಸ್ತಕದಲ್ಲಿ, ಕಾರಣ ಕೊಟ್ಟು ಮಾಡಿದರು, ಕೋರ್ಟಿಗೂ ಹೋಗಿ ಉತ್ತರ ಕೊಟ್ಟರು. ಇಂದು ಅಂಕಿತವನ್ನು ಹಾಗೇ ಇಟ್ಟುಕೊಂಡು ಇಡೀ ವಚನವನ್ನೇ ಹುಟ್ಟಿಸುವವನಿಗೆ ಹೆಸರಿಲ್ಲ, ಊರಿಲ್ಲ. ಅವನ ವಿರುದ್ಧ ನಾವು ಒಂದು ಪತ್ರವನ್ನೂ ಬರೆದಿಲ್ಲ. ಬದಲಿಗೆ ಅವನ ಮಾಲನ್ನು ಮನೆಮನೆಗೆ ಹಂಚುತ್ತಿದ್ದೇವೆ.

ವಚನಗಳು ನಮ್ಮ ಕೈಗೆ ಸುಮ್ಮನೆ ಬರಲಿಲ್ಲ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಇವಕ್ಕಾಗಿ ಆ ಮಹನೀಯರು ಸ್ವಂತ ಮನೆಯನ್ನೂ ಮಾರಿಕೊಂಡರು. ಮುಂದೆ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು, ಹದಿನೈದನ್ನು, ಹೊರತಂದಿತು. ಒಂದೊಂದು ವಚನಕ್ಕೂ ಪ್ರತಿಗಳನ್ನು ಹೋಲಿಸಿ, ಪಾಠ ನಿರ್ಧರಿಸಿ, ಸಂಖ್ಯೆ ಕೊಟ್ಟ ಕೆಲಸ ಅದು. 2015ರ ಆಗಸ್ಟ್ 30ರಂದು ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಹಳಕಟ್ಟಿಯವರ ಜನ್ಮದಿನ ಜುಲೈ 2ರಂದು ವಚನ ಸಂರಕ್ಷಣಾ ದಿನ ಆಚರಿಸುತ್ತೇವೆ, ಹಾರ ಹಾಕುತ್ತೇವೆ. ಜುಲೈ 3ರ ಬೆಳಿಗ್ಗೆ ಮತ್ತೆ ನಕಲಿ ವಚನ ಕಳಿಸುತ್ತೇವೆ.

ತಾಳೆಗರಿಯ ಕಾಲದಲ್ಲೂ ಪ್ರಕ್ಷಿಪ್ತಗಳಿದ್ದವಲ್ಲ ಎಂದು ಕೆಲವರು ಕೇಳಬಹುದು. ಇದ್ದವು. ಆದರೆ ಲಿಪಿಕಾರನ ತಪ್ಪು ಒಂದು ಮಠದ ಒಂದು ಕಟ್ಟಿನಲ್ಲಿ ಉಳಿಯುತ್ತಿತ್ತು. ಇನ್ನೊಂದು ಮಠದ ಕಟ್ಟಿನ ಜೊತೆ ಹೋಲಿಸಿದರೆ ಸಿಕ್ಕಿಬೀಳುತ್ತಿತ್ತು. ಈಗಿನ ತಪ್ಪು ಒಂದೇ ದಿನದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ರೂಪದಲ್ಲಿ ಮುಟ್ಟುತ್ತದೆ. ಎಲ್ಲರ ಬಳಿಯೂ ಇದೆ ಎಂಬುದೇ ಅದಕ್ಕೆ ಸಾಕ್ಷಿಯಾಗಿಬಿಡುತ್ತದೆ.

ಬೀದರ್ ಎಂದಾಗ ಇನ್ನೊಂದು ನೆನಪು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಜನ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನನ್ನು ಹೊಡೆದು ಕೊಂದರು. ಬಸವಕಲ್ಯಾಣ ಇರುವ ಜಿಲ್ಲೆ ಅದು. ಇಂಥ ಕೊಲೆಗಳು ದೇಶದ ಹಲವೆಡೆ ನಡೆದ ಮೇಲೆ ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಕಳಿಸುವ ಮಿತಿಗೆ ಮುಂದಾಯಿತು. 2020ರಲ್ಲಿ, ಅನೇಕ ಕೈ ದಾಟಿದ ಸಂದೇಶಕ್ಕೆ ಒಂದು ಸಲಕ್ಕೆ ಒಂದೇ ಕಡೆ ಎಂದು ಬಿಗಿ ಮಾಡಿತು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಯಂತ್ರವೇ ಎಚ್ಚರಿಸುತ್ತಿದೆ, ಕೈ ಮುಗಿಯುತ್ತಿರುವ ನಮಗೆ ಕಾಣುತ್ತಿಲ್ಲ. ಸುಳ್ಳು ವಚನದಿಂದ ಯಾರೂ ಸಾಯುವುದಿಲ್ಲ ಎನ್ನಬೇಡಿ. ಓದದೆ ನಂಬುವುದು, ನಂಬಿ ದಾಟಿಸುವುದು ಎರಡೂ ಕಡೆ ಒಂದೇ ಅಭ್ಯಾಸ.

ಇನ್ನು ಕಥೆ ಹೇಳುವವರ ವಿಷಯ. ಶರಣರ ಮೇಲೆ ರೀಲ್ಸ್ ಮಾಡಬಾರದು ಎಂಬ ಮಡಿವಂತಿಕೆ ನನಗಿಲ್ಲ. ಕಥೆ ಕಟ್ಟುವುದು ನಮ್ಮ ಪರಂಪರೆಯೇ. ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಹರಿಹರನ ರಗಳೆಯಲ್ಲಿ ಅಕ್ಕನಿಗೂ ಕೌಶಿಕನಿಗೂ ಮದುವೆಯಾಗುತ್ತದೆ, ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಆಗುವುದಿಲ್ಲ. ಇಬ್ಬರೂ ತಮ್ಮ ಹೆಸರಿನಲ್ಲಿ ಹೇಳಿದರು, ಆದ್ದರಿಂದ ನಾವು ಇಬ್ಬರನ್ನೂ ಓದಿ ತೂಗಬಹುದು. ‘ಶೂನ್ಯಸಂಪಾದನೆ’ಯನ್ನು ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಕಟ್ಟಿದರು. ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿ, ನಡುವೆ ತಮ್ಮ ಮಾತಿನ ಎಳೆ ಸೇರಿಸಿದರು. ವಚನ ಯಾವುದು, ಜೋಡಿಸಿದವನ ಮಾತು ಯಾವುದು ಎಂದು ಓದುಗನಿಗೆ ಗೊತ್ತಾಗುತ್ತದೆ. ನಮ್ಮ ಕಾಲದಲ್ಲೇ ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಬಂದವು. ಒಪ್ಪದವರು ವಾದ ಮಾಡಿದರು. ವಾದ ಮಾಡಲು ಎದುರಿಗೆ ಒಬ್ಬ ಮನುಷ್ಯ ಇದ್ದ.

ಇಂದಿನ ಒಂದು ನಿಮಿಷದ ಕಥೆಯಲ್ಲಿ ಆ ಮನುಷ್ಯ ಇಲ್ಲ. ಹಿನ್ನೆಲೆಗೆ ಡೋಲು, ಕಂಪ್ಯೂಟರ್ ಬರೆದ ಅಕ್ಕನ ಮುಖ, ಕಂಪ್ಯೂಟರ್ ಆಡುವ ದನಿ, ನಡುವೆ ಒಂದು ಪವಾಡ. ಕಾಯಕ, ದಾಸೋಹ, ಸಮಾನತೆಯ ಮಾತು ಒಂದೂ ಇಲ್ಲ, ಯಾಕೆಂದರೆ ಪವಾಡಕ್ಕೆ ಸಿಗುವಷ್ಟು ಲೈಕು ಕಾಯಕಕ್ಕೆ ಸಿಗುವುದಿಲ್ಲ. ಕೃತಕ ಬುದ್ಧಿಮತ್ತೆಗೆ ಕೇಳಿದರೆ ವಚನವನ್ನೂ ಕೊಡುತ್ತದೆ, ಅಂಕಿತದ ಸಮೇತ. ಅದರ ಕೆಲಸ ಒಂದು ಪದದ ನಂತರ ಯಾವ ಪದ ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕುವುದು. ಲೆಕ್ಕ ಚೆನ್ನಾಗಿರುವುದರಿಂದ ವಚನದಂತೆಯೇ ಕೇಳುತ್ತದೆ. ಅನುಭಾವವಿಲ್ಲದ ಮಾತು ವಚನದಂತೆ ಕೇಳುವುದೇ ದೊಡ್ಡ ಅಪಾಯ.

ಹಾಗೆಂದು ತಂತ್ರಜ್ಞಾನವನ್ನು ಬೈದು ಕೂರುವವನು ನಾನಲ್ಲ. ರೋಗ ತಂದ ಫೋನಿನಲ್ಲೇ ಮದ್ದೂ ಇದೆ. ವಸುಧೇಂದ್ರ, ಓ.ಎಲ್. ನಾಗಭೂಷಣ ಸ್ವಾಮಿ ಮುಂತಾದವರು ಸ್ವಯಂಸೇವಕ ತಂತ್ರಜ್ಞರ ಜೊತೆ ಕಟ್ಟಿದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಾಕಿ ಹುಡುಕಬಹುದು. ಸಿರಿಗೆರೆಯ ತರಳಬಾಳು ಬೃಹನ್ಮಠ ವಚನಗಳ ಮೊಬೈಲ್ ಆ್ಯಪನ್ನೇ ಕೊಟ್ಟಿದೆ. ಬಂದ ಸಂದೇಶದಿಂದ ಅಪರೂಪದ ಒಂದು ಪದ ಆರಿಸಿ ಹುಡುಕಿದರೆ ಎರಡು ನಿಮಿಷದ ಕೆಲಸ. ಹುಡುಕುವ ಮೊದಲೇ ಅನುಮಾನಕ್ಕೆ ಗುರುತುಗಳಿವೆ. ‘ಖುಷಿ’, ‘ಜವಾಬ್ದಾರಿ’ಯಂಥ ಪಾರಸಿ ಮೂಲದ ಪದ ಬಸವಣ್ಣನವರ ಹೆಸರಿನಲ್ಲಿ ಬಂದರೆ, ಸಿನಿಮಾ ಹಾಡಿನಂತೆ ಸಾಲುಸಾಲಿಗೂ ಕೊನೆಯಲ್ಲಿ ಪ್ರಾಸ ಬಂದರೆ ನಿಲ್ಲಿ.

ಮಠಗಳ ಪೂಜ್ಯರಲ್ಲಿ, ಬಸವ ಕೇಂದ್ರಗಳ ಹಿರಿಯರಲ್ಲಿ ನನ್ನ ಬಿನ್ನಹ ಮೂರು. ಬಸವ ಜಯಂತಿಯ ಫ್ಲೆಕ್ಸಿನಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ವಚನ ಅಚ್ಚಾದಲ್ಲೆಲ್ಲ ಸಂಪುಟ ಮತ್ತು ವಚನ ಸಂಖ್ಯೆ ಇರಲಿ. ಪ್ರತಿ ಗುಂಪಿಗೂ ವಚನ ಪರಿಶೀಲಿಸುವವರೊಬ್ಬರು ಇರಲಿ, ಅದು ಓದಿದ ಹೆಣ್ಣುಮಕ್ಕಳ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ಶರಣರ ಬಗ್ಗೆ ಕಥೆ, ಕವನ, ರೀಲ್ಸ್ ಮಾಡುವ ಯುವಕರನ್ನು ಕರೆದು ಬೆನ್ನು ತಟ್ಟಿ, ಆದರೆ ಅವರ ಮಾತಿನ ಕೆಳಗೆ ಅವರ ಹೆಸರೇ ಇರಲಿ.

ನನ್ನ ಪಾಲಿನದನ್ನು ಮಾಡಿದ್ದೇನೆ. ನಮ್ಮ ಇಲಾಖೆಯ ಪದ್ಧತಿಯಂತೆ ತಪ್ಪನ್ನು ಅಳಿಸಲಿಲ್ಲ. ಮನೆತನದ ಗುಂಪಿನಲ್ಲಿ ಆ ಸಂದೇಶವನ್ನೇ ಮತ್ತೆ ಎತ್ತಿ ತೋರಿಸಿ, ‘ಇದು ಬಸವಣ್ಣನವರ ವಚನವಲ್ಲ, ಓದದೆ ಕಳಿಸಿದ್ದು ನನ್ನ ತಪ್ಪು’ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ನಲವತ್ತು ಜನರ ಗುಂಪಿನಲ್ಲಿ ಉತ್ತರ ಬರೆದವಳು ಒಬ್ಬಳೇ, ತಮ್ಮನ ಮಗಳು. “ಶರಣು ದೊಡ್ಡಪ್ಪ” ಎಂದಷ್ಟೇ ಬರೆದಿದ್ದಳು.