ಮೈ ನಮ್ಮದು, ಎಂಜಿನ್ ಯಾರದ್ದು?

ವಿಮಾನ ಸಂಗ್ರಹಾಲಯ ಎಂದರೆ ಶಾಲಾ ಮಕ್ಕಳ ಪ್ರವಾಸದ ಜಾಗ, ಹೆಚ್ಚೆಂದರೆ ಸೆಲ್ಫಿಗೆ ಒಳ್ಳೆಯ ಸ್ಥಳ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಕೆಲಸ ಹುಡುಕುತ್ತಿರುವವರು, ಅದರಲ್ಲೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗ ಹುಡುಗಿಯರು ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯವನ್ನು ಒಮ್ಮೆಯಾದರೂ ನೋಡಲೇಬೇಕು. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿಗೇ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ಅದರಿಂದ ನಮಗೆ ಏನು ದಕ್ಕಬಹುದು, ಏನು ಕೈತಪ್ಪಬಹುದು ಎಂಬುದನ್ನು ಆ ಹಳೆಯ ವಿಮಾನಗಳು ಚೆನ್ನಾಗಿಯೇ ಹೇಳುತ್ತವೆ.

‘ಹಳೇ ವಿಮಾನ ನೋಡ್ಕೊಂಡು ಬಂದ್ರೆ ಕೆಲ್ಸ ಸಿಗುತ್ತೇನಪ್ಪಾ?’ ಎಂದು ನಮ್ಮ ಮಾವ ಕೇಳಿದ್ದರು. ಸಿಗುವುದಿಲ್ಲ. ಆದರೆ ಕೆಲಸ ಎಲ್ಲಿ ಹುಟ್ಟುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದು ತಿಳಿಯುತ್ತದೆ.

2001ರಲ್ಲಿ ಆರಂಭವಾದ ಈ ಸಂಗ್ರಹಾಲಯ ಹಳೆ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಮಾರತಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿದೆ. ಮಿಗ್-21, ಕ್ಯಾನ್‌ಬೆರಾ, ಕಿರಣ್, ಎಚ್‌ಟಿ-2, ಮಾರುತ್ ಎಲ್ಲವೂ ಬಯಲಿನಲ್ಲಿ ನಿಂತಿವೆ. ತಲೆಯ ಮೇಲೆ ಹಾರುವಾಗ ಗೆರೆಯಂತೆ ಕಾಣುವ ವಿಮಾನ ಪಕ್ಕದಲ್ಲಿ ನಿಂತಾಗ ಎಷ್ಟು ದೊಡ್ಡದು ಎಂದು ಮೊದಲು ಅಚ್ಚರಿಯಾಗುತ್ತದೆ. ಸ್ವಲ್ಪ ಹೊತ್ತು ಕಳೆದರೆ ಕಣ್ಣು ರಿವೆಟ್‌ಗಳ ಮೇಲೆ ಹೋಗುತ್ತದೆ. ರೆಕ್ಕೆಯ ತುಂಬ ಸಾಲು ಸಾಲು ರಿವೆಟ್‌ಗಳು. ಒಂದೊಂದನ್ನೂ ಯಾರೋ ಅಳತೆ ನೋಡಿ, ರಂಧ್ರ ಕೊರೆದು, ಬಡಿದು ಕೂರಿಸಿದ್ದಾರೆ. ಪೈಲಟ್‌ಗಳ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಈ ಕೈಗಳ ಹೆಸರು ಎಲ್ಲೂ ಇಲ್ಲ. ಆದರೂ ವಿಮಾನ ಹಾರಿದ್ದು ಅವರಿಂದಲೂ ಹೌದು.

ಒಳಗೆ ಒಂದು ಕಡೆ 1940ರಿಂದ ಈಚಿನ ಚಿತ್ರಗಳಿವೆ. ಇನ್ನೊಂದು ಕಡೆ ಎಂಜಿನ್‌ಗಳಿವೆ. ಕೆಲವನ್ನು ಒಳಭಾಗ ಕಾಣುವಂತೆ ಕೊಯ್ದು ಇಟ್ಟಿದ್ದಾರೆ. ನಾನು ಹೋದ ದಿನ ಹೊರಗೆ ಮಿಗ್ ಮುಂದೆ ಫೋಟೊ ತೆಗೆಸಿಕೊಳ್ಳುವವರ ಗುಂಪಿತ್ತು. ಎಂಜಿನ್‌ಗಳ ಮುಂದೆ ಹೆಚ್ಚು ಹೊತ್ತು ನಿಂತವರು ಕಾಣಲಿಲ್ಲ. ನನ್ನ ಪ್ರಕಾರ ಇಡೀ ಸಂಗ್ರಹಾಲಯದ ತಿರುಳು ಇರುವುದೇ ಅಲ್ಲಿ.

ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರ್ 23ರಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯಾಗಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಹಣ ಹೂಡಿದರು, ಮೈಸೂರು ಸಂಸ್ಥಾನವೂ ಪಾಲುದಾರನಾಗಿ ಹಣದ ಜೊತೆ ಜಮೀನು ಕೊಟ್ಟಿತು. ಯುದ್ಧದ ಕಾಲದಲ್ಲಿ ಅಲ್ಲಿ ಹೆಚ್ಚಾಗಿ ನಡೆದದ್ದು ಜೋಡಣೆ ಮತ್ತು ರಿಪೇರಿ. ಬೇರೆಯವರ ವಿಮಾನ ಬಿಚ್ಚಿ ಕಟ್ಟುತ್ತಲೇ ನಮ್ಮವರು ಕೆಲಸ ಕಲಿತರು. ಮುಂದೆ ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಾಟದ ಅ ಆ ಇ ಈ ಕಲಿತದ್ದು ಅದರಲ್ಲಿಯೇ. ಆಫ್ರಿಕಾದ ಘಾನಾ ದೇಶವೂ ಅದನ್ನು ಕೊಂಡಿತು. ಆದರೆ ಎಚ್‌ಟಿ-2ರ ಎಂಜಿನ್ ಬ್ರಿಟನ್ನಿನದು. 1972ರಲ್ಲಿ ಹಾರಿದ ‘ಬಸಂತ್’ ಎಂಬ ವಿಮಾನವನ್ನು ಹೊಲಗಳಿಗೆ ಔಷಧಿ ಸಿಂಪಡಿಸಲೆಂದೇ ಎಚ್‌ಎಎಲ್ ಮಾಡಿತು. ರೈತರಿಗಾಗಿ ಮಾಡಿದ ಆ ವಿಮಾನದ ಎಂಜಿನ್ ಅಮೆರಿಕದ್ದು.

ಎಂಜಿನ್ ಬೇರೆಯವರದ್ದಾದರೆ ಏನಾಯಿತು, ವಿಮಾನ ನಮ್ಮದಲ್ಲವೇ ಎಂದು ಕೇಳಬಹುದು. ಅದಕ್ಕೆ ಉತ್ತರ ಮಾರುತ್.

ಮಾರುತ್ ನೋಡಲು ಬಹಳ ಚೆಂದದ ವಿಮಾನ. ಉದ್ದನೆಯ ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ. ನಿಂತಲ್ಲಿಯೇ ಓಡುತ್ತಿರುವಂತೆ ಕಾಣುತ್ತದೆ. ಅದನ್ನು ವಿನ್ಯಾಸ ಮಾಡಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಹೆಸರಾಂತ ಯುದ್ಧವಿಮಾನ ರೂಪಿಸಿದ್ದ ಕುರ್ಟ್ ಟ್ಯಾಂಕ್. 1956ರಲ್ಲಿ ಅವರು ಬೆಂಗಳೂರಿಗೆ ಬಂದಾಗ ಇಲ್ಲಿ ಜೆಟ್ ಯುದ್ಧವಿಮಾನ ವಿನ್ಯಾಸ ಮಾಡಿದ ಅನುಭವ ಯಾರಿಗೂ ಇರಲಿಲ್ಲ. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, 1959ರಲ್ಲಿ ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಮಾರುತ್ ಅನ್ನು ಆಕಾಶಕ್ಕೇರಿಸಿದರು. ಸ್ವಾತಂತ್ರ್ಯ ಬಂದು ಆಗಿನ್ನೂ ಹದಿನಾಲ್ಕು ವರ್ಷ ತುಂಬಿರಲಿಲ್ಲ.

ತೊಡಕಿದ್ದದ್ದು ಎಂಜಿನ್‌ನಲ್ಲಿ. ಮಾರುತ್‌ನ ಮೈ ರೂಪಿಸಿದ್ದು ಬ್ರಿಟನ್ನಿನ ಆರ್ಫಿಯಸ್ ಎಂಜಿನ್‌ನ ಹೆಚ್ಚು ಬಲದ ಮಾದರಿಯನ್ನು ಲೆಕ್ಕಕ್ಕೆ ಹಿಡಿದು. ಆ ಮಾದರಿಯನ್ನು ಅಭಿವೃದ್ಧಿಪಡಿಸುವ ಖರ್ಚು ಹೊರಲು ಬ್ರಿಟನ್ ಮುಂದೆ ಬರಲಿಲ್ಲ, ಭಾರತವೂ ಒಪ್ಪಲಿಲ್ಲ. ಆ ಎಂಜಿನ್ ಬರಲೇ ಇಲ್ಲ. ಕೊನೆಗೆ ಕಡಿಮೆ ಬಲದ ಆರ್ಫಿಯಸ್ ಅನ್ನೇ ಕೂರಿಸಿದರು. ಅದನ್ನು ಪರವಾನಗಿ ಪಡೆದು ಬೆಂಗಳೂರಿನಲ್ಲಿಯೇ ತಯಾರಿಸುತ್ತಿದ್ದರು, ನಿಜ. ಆದರೆ ಕೊಟ್ಟ ನಕ್ಷೆ ನೋಡಿ ಮಾಡುವುದು ಒಂದು ವಿದ್ಯೆ, ನಕ್ಷೆಯನ್ನೇ ಬರೆಯುವುದು ಬೇರೆ ವಿದ್ಯೆ. ಈಜಿಪ್ಟ್ ಆಗ ಮಾಡುತ್ತಿದ್ದ ಎಂಜಿನ್ ಒಂದನ್ನು ಮಾರುತ್‌ಗೆ ಹೊಂದಿಸಿ ನೋಡುವ ಪ್ರಯತ್ನವೂ ನಡೆಯಿತು, ಅದೂ ನಿಂತಿತು. ಆರ್ಫಿಯಸ್‌ಗೆ ಹೆಚ್ಚು ಬಲ ತುಂಬಲು ನಮ್ಮವರೇ ಕೈಹಾಕಿದರು. ಮಾರುತ್‌ನ ಅಂಥ ಪರೀಕ್ಷಾ ಹಾರಾಟದಲ್ಲಿ, 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿರುವ ನಮ್ಮ ಎಷ್ಟೋ ಗೆಳೆಯರಿಗೆ ಅದು ಯಾರ ಹೆಸರೆಂದು ಗೊತ್ತಿಲ್ಲ.

ಶಬ್ದದ ಎರಡು ಪಟ್ಟು ವೇಗದ ಕನಸಿನಲ್ಲಿ ಹುಟ್ಟಿದ ಮಾರುತ್ ಶಬ್ದದ ವೇಗದ ಆಸುಪಾಸಿನಲ್ಲಿಯೇ ಏದುಸಿರು ಬಿಟ್ಟಿತು. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಸುಮಾರು 147 ವಿಮಾನಗಳಿಗೆ ಅದರ ಕಥೆ ಮುಗಿಯಿತು, 1990ರ ಹೊತ್ತಿಗೆ ಸೇವೆಯಿಂದ ನಿವೃತ್ತಿಯಾಯಿತು. ಅದನ್ನು ಕಟ್ಟಿದ ಅನುಭವ ಮುಂದಿನ ವಿಮಾನಕ್ಕೆ ಹರಿಯುವ ಮೊದಲೇ ಬಹುಪಾಲು ಚದುರಿಹೋಯಿತು. ಇವತ್ತಿನ ತೇಜಸ್ ಕೂಡ ಅಮೆರಿಕದ ಜಿಇ ಕಂಪನಿಯ ಎಂಜಿನ್‌ನಿಂದ ಹಾರುತ್ತದೆ. ಆ ಎಂಜಿನ್‌ಗಳು ತಡವಾಗಿ ಬಂದದ್ದು ತೇಜಸ್‌ನ ಹೊಸ ಮಾದರಿ ವಾಯುಪಡೆಯ ಕೈಸೇರಲು ತಡವಾಗಿದ್ದಕ್ಕೆ ಒಂದು ಕಾರಣ. ಕೊಯ್ದಿಟ್ಟ ಎಂಜಿನ್ ಮುಂದೆ ನಿಂತಾಗ ಇದೆಲ್ಲ ಅರ್ಥವಾಗತೊಡಗುತ್ತದೆ. ಮೈ ಎಷ್ಟೇ ಚೆನ್ನಾಗಿರಲಿ, ಎಂಜಿನ್ ಬೇರೆಯವರ ಕೈಯಲ್ಲಿದ್ದರೆ ವೇಗ ನಿರ್ಧರಿಸುವವರೂ ಅವರೇ.

ತೆಂಗಿನ ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟ ನಮ್ಮದು, ಮರ ನಮ್ಮದು. ಕಾಯಿ ಕೆಡವಿ, ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಗಿಟುಕಾಗುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯುವವರು ನಾವು. ಸುಲಿಸಿ, ಒಡೆಸಿ, ಚೀಲ ಹೊಲಿಸಿ ತಿಪಟೂರು ಮಾರುಕಟ್ಟೆಗೆ ಹಾಕುವವರೂ ನಾವೇ. ದರ ಮಾತ್ರ ಉತ್ತರ ಭಾರತದ ಬೇಡಿಕೆ, ವರ್ತಕರ ಲೆಕ್ಕಾಚಾರದ ಮೇಲೆ ನಿಲ್ಲುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು, ರೈತರು ಧರಣಿ ಕೂರಬೇಕಾಯಿತು. ಈಚೆಗೆ ದರ ಏರಿದಾಗ ಸಂಭ್ರಮಪಟ್ಟೆವು. ಎರಡೂ ಸಲ ಸ್ಟೇರಿಂಗ್ ನಮ್ಮ ಕೈಯಲ್ಲಿ ಇರಲಿಲ್ಲ. ಕೊಬ್ಬರಿಯಿಂದ ಮುಂದಿನ ಹಂತದ ಉದ್ಯಮ ನಮ್ಮಲ್ಲಿ ಸಾಕಷ್ಟು ಬೆಳೆದಿದ್ದರೆ ಕಥೆ ಸ್ವಲ್ಪ ಬೇರೆ ಇರುತ್ತಿತ್ತು.

ಈಗ ಗುಬ್ಬಿಗೆ ಬರೋಣ. ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. 2025ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 156 ‘ಪ್ರಚಂಡ’ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಇವು ತಯಾರಾಗುವುದು ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ. ಇವುಗಳ ‘ಶಕ್ತಿ’ ಎಂಜಿನ್ ಅನ್ನು ಎಚ್‌ಎಎಲ್ ಫ್ರಾನ್ಸಿನ ಕಂಪನಿಯ ಜೊತೆ ಸೇರಿ ಅಭಿವೃದ್ಧಿಪಡಿಸಿದೆ. ಮಾರುತ್‌ನ ಕಾಲಕ್ಕೆ ಹೋಲಿಸಿದರೆ ದೇಶ ಒಂದಷ್ಟು ದೂರ ಬಂದಿದೆ ಎಂದೇ ಹೇಳಬೇಕು.

ನಮ್ಮ ಸೀಮೆ ಎಷ್ಟು ದೂರ ಬಂದಿದೆ? ನಮ್ಮ ಕಡೆ ಕಾರ್ಖಾನೆಯ ಮಾತು ಬಂದರೆ ಮೊದಲು ಕೇಳುವುದು ಸೈಟಿನ ರೇಟು. ಆಮೇಲೆ ಸೆಕ್ಯುರಿಟಿ ಕೆಲಸ, ಕ್ಯಾಂಟೀನ್ ಕೆಲಸ, ಗಾಡಿ ಬಾಡಿಗೆ. ಇವು ಯಾವುವೂ ಕೀಳಲ್ಲ. ಆದರೆ ಹೆಲಿಕಾಪ್ಟರ್ ಕಾರ್ಖಾನೆ ಪಕ್ಕದಲ್ಲಿದ್ದೂ ನಮಗೆ ಗೇಟಿನ ಹೊರಗಿನ ಕೆಲಸವಷ್ಟೇ ಸಿಕ್ಕರೆ, ಇಲ್ಲಿಯೂ ಮೈ ನಮ್ಮದು, ಎಂಜಿನ್ ಬೇರೆಯವರದ್ದು ಎಂದಾಗುತ್ತದೆ. ನೆಲ ಕೊಟ್ಟವರು ನಾವು, ವಿದ್ಯೆ ತಂದವರು ಇನ್ಯಾರೋ.

1940ರ ದಶಕದ ಬೆಂಗಳೂರು ಈ ತಪ್ಪು ಮಾಡಲಿಲ್ಲ. ಕಾರ್ಖಾನೆ ಶುರುವಾದ ಎರಡೇ ವರ್ಷಕ್ಕೆ, 1942ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಅದನ್ನು ಕಟ್ಟಿದ ಘಾಟಗೆಯವರೇ ಮುಂದೆ ಎಚ್‌ಟಿ-2 ವಿನ್ಯಾಸದ ಹೊಣೆ ಹೊತ್ತದ್ದು. ಕಾರ್ಖಾನೆಯ ಬೆನ್ನಿಗೆ ಪಾಠಶಾಲೆ ಬಂದದ್ದರಿಂದಲೇ ಬೆಂಗಳೂರು ವಿಮಾನಗಳ ಊರಾಯಿತು.

ನನ್ನ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. ‘ಎಚ್‌ಎಎಲ್‌ಗೆ ಇಡೀ ದೇಶದಿಂದ ಅರ್ಜಿ ಬೀಳ್ತವೆ. ನಿಮ್ಮೂರ ಪಕ್ಕ ಇದೆ ಅಂತ ಕರೆದು ಕೆಲಸ ಕೊಡ್ತಾರಾ? ಅಪ್ರೆಂಟಿಸ್ ಮಾಡಿದ್ರೂ ಕಾಯಂ ಆಗೋ ಭರವಸೆ ಇಲ್ಲ’ ಎನ್ನುತ್ತಾನೆ. ಅವನು ಹೇಳುವುದು ನಿಜ. ಸ್ಥಳೀಯರೆಂಬ ಒಂದೇ ಕಾರಣಕ್ಕೆ ಹೆಲಿಕಾಪ್ಟರ್‌ನ ಬೋಲ್ಟ್ ಬಿಗಿಯಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಅದರಲ್ಲಿ ಕೂರುವ ಯೋಧನ ಜೀವ ಆ ಬೋಲ್ಟ್‌ನ ಮೇಲೆ ನಿಂತಿರುತ್ತದೆ. ಆದರೆ ವಿಮಾನದ ಕೆಲಸವೆಂದರೆ ಎಚ್‌ಎಎಲ್‌ನ ಕಾಯಂ ನೌಕರಿ ಮಾತ್ರವಲ್ಲ. ದೊಡ್ಡ ಕಾರ್ಖಾನೆ ತನಗೆ ಬೇಕಾದ ಬಿಡಿಭಾಗಗಳಲ್ಲಿ ಎಷ್ಟನ್ನೋ ಸಣ್ಣ ಕಾರ್ಖಾನೆಗಳಿಂದ ಕೊಳ್ಳುತ್ತದೆ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ಅಲ್ಲಿ ತಯಾರಾದ ಭಾಗಗಳು ಏರ್‌ಬಸ್ ವಿಮಾನಗಳಿಗೆ ಹೋಗುತ್ತವೆ. ಫೌಂಡ್ರಿ, ಲೇತ್ ಕೆಲಸದ ಪಳಗಿದ ಕೈಗಳು ಬೆಳಗಾವಿಯಲ್ಲಿ ಮೊದಲೇ ಇದ್ದವು. ಬೆಳಗಾವಿಗೆ ಆಗಿದ್ದು ತಿಪಟೂರಿಗೆ ಆಗಬಾರದೆಂದು ಎಲ್ಲೂ ಬರೆದಿಲ್ಲ.

ಅದಕ್ಕೆ ಏನು ಮಾಡಬಹುದು? ಮೂರು ಸಣ್ಣ ಸಂಗತಿಗಳು ನನಗೆ ತೋಚುತ್ತವೆ.

ಒಂದು, ನಮ್ಮ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಕಾಲೇಜುಗಳ ವಾರ್ಷಿಕ ಪ್ರವಾಸದಲ್ಲಿ ಎಚ್‌ಎಎಲ್ ಸಂಗ್ರಹಾಲಯಕ್ಕೆ ಅರ್ಧ ದಿನ ಸಿಗಲಿ. ವಾಟರ್ ಪಾರ್ಕ್ ಬಿಡಬೇಕಿಲ್ಲ, ಅದೂ ಇರಲಿ. ಆದರೆ ಎಂಜಿನ್‌ಗಳ ಮುಂದೆ ಮೇಷ್ಟ್ರು ಒಂದು ಗಂಟೆ ನಿಂತು, ಇದು ಕಂಪ್ರೆಸರ್, ಇದು ಟರ್ಬೈನ್, ಈ ಅಲಗನ್ನು ಮಾಡುವುದು ಯಾಕೆ ಕಷ್ಟ ಎಂದು ಹೇಳಿಕೊಡಲಿ. ಪುಸ್ತಕದ ಚಿತ್ರ ಹತ್ತು ಸಲ ನೋಡಿದರೂ ಆಗದ ಕೆಲಸ ಅಲ್ಲಿ ಒಂದೇ ಸಲಕ್ಕೆ ಆಗುತ್ತದೆ.

ಎರಡು, ಸೇವೆಯಿಂದ ನಿವೃತ್ತಿಯಾದ ಒಂದು ಚೇತಕ್ ಹೆಲಿಕಾಪ್ಟರ್ ಅನ್ನು ನಮ್ಮ ಸೀಮೆಯಲ್ಲಿಯೂ ಇಡಬೇಕೆಂದು ನಾವೇ ಕೇಳೋಣ. ಎಚ್‌ಎಎಲ್ ಚೇತಕ್ ತಯಾರಿಸಲು ಆರಂಭಿಸಿದ್ದು 1960ರ ದಶಕದಲ್ಲಿ. ವೃತ್ತದ ಮಧ್ಯೆ ಕಂಬದ ಮೇಲೆ ಅಲಂಕಾರಕ್ಕೆ ನಿಲ್ಲಿಸುವುದು ಬೇಡ. ಯಾವುದಾದರೂ ಸರ್ಕಾರಿ ಐಟಿಐ ಆವರಣದಲ್ಲಿ, ಎಂಜಿನ್ ಬಿಚ್ಚಿ ನೋಡಲು ಸಿಗುವಂತೆ ಇಡಲಿ. ಬೆಂಗಳೂರಿಗೆ ಹೋಗಲು ಬಸ್ ಚಾರ್ಜಿಗೂ ಯೋಚಿಸುವ ಮನೆಯ ಮಗಳು ಅದನ್ನು ಮುಟ್ಟಿ ನೋಡಲಿ.

ಮೂರನೆಯದು ನಮ್ಮದೇ ಹೊಣೆ. ಡಿಗ್ರಿ ಮುಗಿಸಿ ಮೂರು ನಾಲ್ಕು ವರ್ಷ ಎಫ್‌ಡಿಎ, ಪಿಡಿಒ ಅಧಿಸೂಚನೆಗೆ ಕಾಯುತ್ತ ಲೈಬ್ರರಿಯಲ್ಲಿ ಕೂರುವ ಗೆಳೆಯರು ನನಗೂ ಇದ್ದಾರೆ. ಅವರ ಶ್ರಮವನ್ನು ಹೀಗಳೆಯಲಾರೆ. ಆದರೆ ಫಿಟ್ಟರ್, ಮಷಿನಿಸ್ಟ್ ಎಂದರೆ ಓದಿನಲ್ಲಿ ಹಿಂದೆ ಬಿದ್ದವರ ಕೆಲಸ ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಮದುವೆ ಮಾತುಕತೆಯಲ್ಲಂತೂ ಎದ್ದು ಕಾಣುತ್ತದೆ. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಲೋಹ ಕೊರೆಯಬಲ್ಲವನ ಕೈ ಯಾವ ಡಿಗ್ರಿಗೂ ಕಡಿಮೆಯಲ್ಲ. ನಕ್ಷೆ ಓದುವುದು, ಅಳತೆಯ ಉಪಕರಣ ಹಿಡಿಯುವುದು, ಸಿಎನ್‌ಸಿ ಯಂತ್ರ ನಡೆಸುವುದು ಇವನ್ನು ಕಲಿತವರಿಗೆ ಗುಬ್ಬಿಯ ಗೇಟು ತೆರೆಯದಿದ್ದರೂ ಪೀಣ್ಯದಲ್ಲೋ ಬೆಳಗಾವಿಯಲ್ಲೋ ಇನ್ನೊಂದು ತೆರೆಯುತ್ತದೆ. ಅಂಥ ಹತ್ತು ಜನ ಒಂದೂರಿನಲ್ಲಿ ಸೇರಿದರೆ ಅಲ್ಲಿಯೇ ಒಂದು ಸಣ್ಣ ವರ್ಕ್‌ಶಾಪ್ ಹುಟ್ಟಬಹುದು.

‘ಪ್ರಚಂಡ’ದ ಕೆಲಸ ಇನ್ನೂ ಹಲವು ವರ್ಷ ನಡೆಯಲಿದೆ. ಈಗ ಪಿಯುಸಿಯಲ್ಲಿರುವ ನಮ್ಮ ತಮ್ಮ ತಂಗಿಯರು ಐಟಿಐ, ಡಿಪ್ಲೊಮಾ ಮುಗಿಸಿ ಕೈ ಪಳಗಿಸಿಕೊಳ್ಳಲು ಅಷ್ಟು ಸಮಯ ಸಾಕು. ಸುಮ್ಮನೆ ಕಳೆದುಹೋಗಲು ಕೂಡ ಅಷ್ಟೇ ಸಮಯ ಸಾಕು. ಮುಂದಿನ ಸಲ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದಾಗ ಅರ್ಧ ದಿನ ಉಳಿಸಿಕೊಂಡು ಈ ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಫೋಟೊ ತೆಗೆಸಿಕೊಳ್ಳಿ, ತಪ್ಪಿಲ್ಲ. ಆಮೇಲೆ ಒಳಗೆ ಹೋಗಿ ಎಂಜಿನ್‌ಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.