ತೋಟ ಮಾರಿ ಪೇಟೆ ಸೇರುವ ಮುನ್ನ



ಕಳೆದ ತಿಂಗಳು ಚಿಕ್ಕನಾಯಕನಹಳ್ಳಿ ಸೀಮೆಯ ರೈತರೊಬ್ಬರು ನಮ್ಮ ಕಚೇರಿ ಹುಡುಕಿಕೊಂಡು ಬಂದರು. ಮೂರು ಎಕರೆ ಜಮೀನು, ಅದರಲ್ಲಿ ಅರ್ಧ ತೆಂಗು. ಮಗಳು ಹತ್ತನೇ ಕ್ಲಾಸು ಪಾಸಾಗಿದ್ದಾಳೆ. ಸೊಸೈಟಿ ಸಾಲದ ತಕರಾರು ಇರಬೇಕು ಅಂದುಕೊಂಡೆವು. ಅವರು ಕೇಳಿದ್ದೇ ಬೇರೆ.

"ಅಣ್ಣಾ, ನೀವು ನಾಲ್ಕು ಊರು ತಿರುಗಿದೋರು. ತೋಟ ಕೊಟ್ಟುಬಿಟ್ಟು ಒಂದು ಪೇಟೆ ಸೇರ್ಕೊಳಾಣ ಅಂತಿದೀನಿ. ತಿಪಟೂರು ಒಳ್ಳೇದೋ, ರಾಮನಗರ ಒಳ್ಳೇದೋ, ನೀವೇ ಹೇಳಿ."

ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಇದು ಅವರೊಬ್ಬರ ಪ್ರಶ್ನೆಯಾಗಿದ್ದರೆ ಒಂದು ಲೋಟ ಟೀ ಕುಡಿಸಿ ಕಳಿಸಬಹುದಿತ್ತು. ಇವತ್ತು ಪ್ರತಿ ಹಳ್ಳಿಯ ಜಗಲಿ ಮೇಲೆ ಇದೇ ಮಾತು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ನೂರಕ್ಕೆ 61 ಮಂದಿ ಹಳ್ಳಿಯವರು. ಅದಾದ ಮೇಲೆ ಎಷ್ಟು ಮನೆಗೆ ಬೀಗ ಬಿತ್ತು ಎಂಬುದು ನಿಮ್ಮ ಬೀದಿಯಲ್ಲಿ ಒಂದು ಸುತ್ತು ನಡೆದರೆ ಗೊತ್ತಾಗುತ್ತದೆ. 2025ರ ಮೊದಲ ತಿಂಗಳುಗಳಲ್ಲಂತೂ ಮೈಕ್ರೋ ಫೈನಾನ್ಸಿನವರ ಕಾಟಕ್ಕೆ ಹೆದರಿ ಸಂಸಾರಗಳು ರಾತ್ರೋರಾತ್ರಿ ಊರು ಬಿಟ್ಟವು. ಆಮೇಲೆ ಸರ್ಕಾರ ಸುಗ್ರೀವಾಜ್ಞೆ ತಂದಿತು. ಊರು ಬಿಟ್ಟ ಮೇಲೆ ಬಂದ ಕಾನೂನು!

ಊರು ಬಿಡಬೇಡಿ ಅಂತ ಭಾಷಣ ಬಿಗಿಯುವುದು ಸುಲಭ. ಹಾಗೆ ಬಿಗಿಯುವ ಎಷ್ಟೋ ಮಂದಿಯ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ನಾವು ಆ ಮಾತು ಹೇಳುವುದಿಲ್ಲ. ಹೋಗುವವರು ಲೆಕ್ಕ ಹಾಕಿ ಹೋಗಲಿ ಎನ್ನುತ್ತೇವೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ. ಊರು ಆರಿಸುವಾಗ ಬಸ್ ಸ್ಟ್ಯಾಂಡಿನ ದೀಪ ನೋಡಿ ಮರುಳಾದರೆ ಹೇಗೆ?

ಜಾತ್ರೆ ದಿನ ಪೇಟೆ ನೋಡಲು ಹೋಗಬೇಡಿ, ಮಾರುಕಟ್ಟೆ ದಿನ ಹೋಗಿ. ಅಂಗಡಿ ಸಾಲು ಬಿಟ್ಟು ತೂಕದ ಕಟ್ಟೆ ಹತ್ತಿರ ನಿಂತುಕೊಳ್ಳಿ. ಮಾಲು ತಂದ ರೈತ ಧಾರಣೆ ಕೇಳಿ ಏನು ಮಾಡುತ್ತಾನೆ ನೋಡಿ. "ಇವತ್ತು ಬೇಡ, ಇನ್ನೊಂದು ತಿಂಗಳು ಬಿಟ್ಟು ಕೊಡ್ತೀನಿ" ಎನ್ನುವ ತಾಕತ್ತು ಅವನಿಗಿದೆಯೇ? ಅಥವಾ ತಲೆ ತಗ್ಗಿಸಿ ಚೀಟಿ ಹರಿಸಿಕೊಂಡು ಹೋಗುತ್ತಾನೆಯೇ? ಸಣ್ಣ ಪೇಟೆಗಳೆಲ್ಲ ಬದುಕುವುದು ಸುತ್ತಲಿನ ಬೆಳೆಯ ಮೇಲೆ. ಬೆಳೆದವನಿಗೆ ಕಾಯುವ ಶಕ್ತಿ ಇಲ್ಲದ ಊರಿನಲ್ಲಿ ಕೂಲಿಗೂ ಕಸುವಿಲ್ಲ, ಅಂಗಡಿಗೂ ಕಸುವಿಲ್ಲ.

ಈ ಅಳತೆಗೋಲು ಹಿಡಿದು ಐದು ಊರು ನೋಡೋಣ.

ತಿಪಟೂರು. ಕೊಬ್ಬರಿಗೆ ಇಡೀ ದೇಶಕ್ಕೆ ಹೆಸರಾದ ಮಾರುಕಟ್ಟೆ. ರೈಲಿದೆ, ಹೆದ್ದಾರಿ ಇದೆ, ಕಾಲೇಜುಗಳಿವೆ. ಉಂಡೆ ಕೊಬ್ಬರಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಒಣಗಬೇಕು. ಅಲ್ಲಿಯತನಕ ಮನೆ ಖರ್ಚಿಗೆ ಸಾಲ, ಆ ಸಾಲ ಕೊಟ್ಟವನಿಗೇ ಎಷ್ಟೋ ಸಲ ಮಾಲು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಎಂದಿದ್ದರೂ ಪೇಟೆ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿತ್ತು, ನಾಫೆಡ್ ಖರೀದಿಗಾಗಿ ರೈತರು ಸಾಲುಗಟ್ಟಿ ನಿಲ್ಲಬೇಕಾಯಿತು. 2025ರಲ್ಲಿ ಧಾರಣೆ ಮೇಲಕ್ಕೆ ಹಾರಿತು. ಅಟ್ಟದಲ್ಲಿ ಮಾಲು ಉಳಿಸಿಕೊಂಡವನು ಬದುಕಿದ, ಸಾಲಕ್ಕೆ ಮೊದಲೇ ಮಾರಿದವನು ಕೈ ಹಿಸುಕಿಕೊಂಡ.

ರಾಮನಗರ. ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ, ಬೆಂಗಳೂರಿಗೆ ಸುಮಾರು 50 ಕಿಲೋಮೀಟರು. ಮಗಳಿಗೆ ಓದು, ಮಗನಿಗೆ ಕೆಲಸ ಸಿಕ್ಕೀತು ಎಂಬ ಆಸೆಗೆ ಕಾರಣವಿದೆ. ಆದರೆ ಗೂಡು ಕಾಯುವ ಮಾಲಲ್ಲ. ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ತೂತು ಕೊರೆದು ಹೊರಗೆ ಬರುತ್ತದೆ. ತಂದ ದಿನ ಎಷ್ಟು ಕೂಗಿದರೋ ಅಷ್ಟಕ್ಕೆ ಕೊಡಬೇಕು. ಇನ್ನೊಂದು ಸಂಗತಿ: 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಊರುಗಳನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ಹಳೇ ರಸ್ತೆಯಲ್ಲಿ ಹೋಟೆಲು, ಗೊಂಬೆ ಅಂಗಡಿ ನಂಬಿದ್ದವರ ವ್ಯಾಪಾರ ಬಿತ್ತು. ಜಮೀನು ಮಾರಿ ಪೇಟೆಯಲ್ಲಿ ಅಂಗಡಿ ಇಡುತ್ತೇನೆ ಎನ್ನುವವರು ಇದನ್ನು ಮರೆಯಬಾರದು. ರಸ್ತೆಯೂ ಕೈ ಕೊಡುತ್ತದೆ.

ಬ್ಯಾಡಗಿ. ಮೆಣಸಿನಕಾಯಿಗೆ ಇವತ್ತಿಗೂ ಆ ಊರಿನದೇ ಹೆಸರು. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಚೀಲ ಬರುತ್ತವೆ. ಶೈತ್ಯಾಗಾರಗಳಿವೆ, ಬಾಡಿಗೆ ಕಟ್ಟಿದವನು ಕಾಯಬಹುದು. ಕಟ್ಟಲಾರದವನು? 2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ರೈತರ ಸಿಟ್ಟು ಕಟ್ಟೆಯೊಡೆದು ಎ.ಪಿ.ಎಂ.ಸಿ. ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಬೆಂಕಿ ಹಚ್ಚುವುದನ್ನು ನಾವು ಒಪ್ಪುವುದಿಲ್ಲ. ಆದರೆ ವರ್ಷದ ದುಡಿಮೆ ಒಂದು ಬೆಳಿಗ್ಗೆ ಬೂದಿಯಾದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಸಿಂಧನೂರು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಊರು. ನೀರು ಬಂದ ವರ್ಷ ಅಕ್ಕಿ ಗಿರಣಿಗೆ ಬಿಡುವಿಲ್ಲ, ಬಟ್ಟೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ನೀರು ಬರದ ವರ್ಷ ಪೇಟೆಯೇ ಮಂಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋದಾಗ ಎದೆ ಹೊಡೆದುಕೊಂಡದ್ದು ರೈತರದ್ದು ಮಾತ್ರವಲ್ಲ, ಅಂಗಡಿಯವರದ್ದೂ. ಕಾಲುವೆಯ ಕೊನೆ ಭಾಗದವರಿಗಂತೂ ಒಳ್ಳೆಯ ವರ್ಷದಲ್ಲೂ ನೀರಿನದೇ ಜಗಳ.

ಶಿರಸಿ. ರೈಲಿಲ್ಲ, ಮಳೆಗಾಲ ಉದ್ದ, ಅಡಿಕೆಗೆ ಕೊಳೆರೋಗ, ಎಲೆಚುಕ್ಕಿ ರೋಗ ಬೇರೆ. ನೋಡಲು ದೊಡ್ಡ ಪೇಟೆಯೂ ಅಲ್ಲ. ಆದರೂ ಅಲ್ಲಿ ಕಲಿಯಬೇಕಾದ್ದು ಒಂದಿದೆ. 1923ರಲ್ಲೇ ತೋಟದವರು ತಮ್ಮದೇ ಸಹಕಾರಿ ಮಾರಾಟ ಸೊಸೈಟಿ ಕಟ್ಟಿಕೊಂಡರು. ಅಡಿಕೆ ಸೊಸೈಟಿಯಲ್ಲಿಟ್ಟು ಮುಂಗಡ ತೆಗೆದುಕೊಂಡು, ಧಾರಣೆ ಬಂದಾಗ ಮಾರುವ ದಾರಿ ಇದೆ. ಬೆಳೆದವನು ಕಾಯಬಲ್ಲ. ಸಂಘದಲ್ಲೂ ಏಳುಬೀಳು ಇದ್ದೀತು. ಆದರೆ ರೈತ ಒಂಟಿಯಾಗಿ ದಲ್ಲಾಳಿ ಮುಂದೆ ನಿಲ್ಲುವುದು ತಪ್ಪಿತು.

ಹೀಗೆ ನೋಡಿದರೆ ಯಾವ ಊರೂ ಸ್ವರ್ಗವಲ್ಲ. ಹಳ್ಳಿಯಲ್ಲಿ ನಮ್ಮನ್ನು ಹಿಂಡಿದ ಧಾರಣೆಯೇ ಪೇಟೆಯಲ್ಲೂ ಹಿಂಡುತ್ತದೆ. ಅಲ್ಲಿ ಬೆಳೆಗಾರನಾಗಿ, ಇಲ್ಲಿ ಹಮಾಲಿಯಾಗಿ, ಬಾಡಿಗೆದಾರನಾಗಿ. ವ್ಯತ್ಯಾಸ ಅಷ್ಟೇ.

ಇನ್ನು ಮನೆ ಲೆಕ್ಕ. ಬಾಡಿಗೆ ತಿಂಗಳಿಗೆ 6,000 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 72,000. ಹಳ್ಳಿಯಲ್ಲಿ ದುಡ್ಡು ಕೊಡದ ಹಾಲು, ಸೊಪ್ಪು, ತೆಂಗಿನಕಾಯಿ, ಸೌದೆ ಇವಕ್ಕೆ ದಿನಕ್ಕೆ 150 ಎಂದರೂ ವರ್ಷಕ್ಕೆ ಹತ್ತಿರ ಹತ್ತಿರ 55,000. ಎರಡೂ ಸೇರಿ 1,27,000. 2025ರ ಹಂಗಾಮಿನ ಬೆಂಬಲ ಬೆಲೆ 12,100ರ ಪ್ರಕಾರ ಇದು ಹತ್ತೂವರೆ ಕ್ವಿಂಟಾಲು ಕೊಬ್ಬರಿ! ಸ್ಕೂಲ್ ಫೀಜು, ಆಸ್ಪತ್ರೆ ಇದರಲ್ಲಿ ಸೇರಿಲ್ಲ. ನಿಮ್ಮ ಊರಿನ ಬಾಡಿಗೆ ಹಾಕಿಕೊಂಡು ನೀವೇ ಕೂಡಿಸಿ ನೋಡಿ. ತೋಟ ಮಾರಿದ ಮೇಲೆ ಆ ಹತ್ತೂವರೆ ಕ್ವಿಂಟಾಲು ಎಲ್ಲಿಂದ ಬರುತ್ತದೆ?

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಎಲ್ಲರಿಗೂ ಅಷ್ಟು ಸಿಗುತ್ತದೆಯೇ ಎಂಬುದು ಬೇರೆ ಜಗಳ. ಸಿಗುವಷ್ಟಾದರೂ ಸಿಗುವುದು ಪಹಣಿಯ ಮೇಲೆ. ಪಹಣಿಯಲ್ಲಿ ಹೆಸರು ಹೋದ ದಿನ ಆ ಬಾಗಿಲು ಮುಚ್ಚಿತು. ಆಮೇಲೆ ಕಷ್ಟ ಬಂದರೆ ಇರುವುದು ವಾರದ ಕಂತಿನವನ ಬಾಗಿಲು, ಇಲ್ಲವೇ ಚಿನ್ನ ಅಡ ಇಡುವ ಅಂಗಡಿ. ಸಾಲ ತೀರಿಸಲೆಂದು ಭೂಮಿ ಮಾರಿದವನು ಇನ್ನೂ ದುಬಾರಿ ಸಾಲದ ಬಾಯಿಗೆ ಬೀಳುವುದು ಹೀಗೆ.

ಮಾರಿದ್ದನ್ನು ಮತ್ತೆ ಕೊಳ್ಳುತ್ತೇನೆ ಎಂಬ ಭ್ರಮೆಯೂ ಬೇಡ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿದರು. ನೇಗಿಲು ಮುಟ್ಟದವನೂ ಈಗ ಹೊಲ ಕೊಳ್ಳಬಹುದು. ಅವನ ಥೈಲಿ ಮುಂದೆ ನಮ್ಮ ಜೇಬು ಎಷ್ಟರದು?

ಬಂದ ರೈತರಿಗೆ ಕೊನೆಗೆ ನಾವು ಕೇಳಿದ್ದು ಇಷ್ಟು: "ಮಗಳ ಓದು ಬಿಟ್ಟರೆ ಪೇಟೆ ಸೇರೋಕೆ ಬೇರೆ ಕಾರಣ ಏನಿದೆಯಪ್ಪ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬೆಳಿಗ್ಗೆ ಎಂಟು ಗಂಟೆ ಬಸ್ಸು ನಿಂತೋಗದೆ ಅಣ್ಣಾ. ಇದ್ದಿದ್ರೆ ತಿಪಟೂರಿಗೆ ಮನೆಯಿಂದ್ಲೇ ಹೋಗಿ ಬರೋಳು."

ಬಾಂಧವರೇ, ಒಂದು ಬಸ್ಸಿಲ್ಲದೆ ಮೂರು ಎಕರೆ ಮಾರಾಟಕ್ಕೆ ಬಂದಿದೆ! 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಒಳ್ಳೆಯದೇ ಮಾಡಿದರು. ಬಸ್ಸೇ ಬಾರದ ಊರಿನ ಮಗಳಿಗೆ ಪುಕ್ಕಟೆ ಟಿಕೆಟ್ಟಿನಿಂದ ಏನು ಪ್ರಯೋಜನ ಸ್ವಾಮಿ?

ಆದ್ದರಿಂದ ನಮ್ಮ ಮಾತು ಇದು. ಹೋಗಲೇಬೇಕಾದವರು ಹತ್ತಿರದ ಪೇಟೆಗೆ ಹೋಗಿ, ವಾರಕ್ಕೊಮ್ಮೆ ತೋಟಕ್ಕೆ ಬಂದು ಹೋಗುವಷ್ಟು ದೂರದಲ್ಲಿರಿ. ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಜಮೀನು ವಾರಕ್ಕೆ ಕೊಡಿ, ಕ್ರಯಕ್ಕೆ ಕೊಡಬೇಡಿ. ಹೆಂಡತಿ ಮಕ್ಕಳನ್ನು ಕೇಳದೆ ಕ್ರಯಪತ್ರಕ್ಕೆ ಸಹಿ ಹಾಕಬೇಡಿ.

ಸಂಘದ ಘಟಕಗಳಿಗೂ ಒಂದು ಮಾತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡಿಗೆ ಎದೆಯೊಡ್ಡಿದ ಹಿರಿಯರು ನೀರಿನ ಕರದ ಅನ್ಯಾಯ ಸಹಿಸಲಿಲ್ಲ. ನಾವು ಒಂದು ಬಸ್ಸಿಗಾಗಿ ಡಿಪೋ ಮುಂದೆ ಕೂರಲಾರೆವೇ? ಮಾಲು ಅಡವಿಟ್ಟು ಮುಂಗಡ ಕೊಡುವ ಗೋದಾಮು ಹೋಬಳಿಗೊಂದು ಕೊಡಿ ಎಂದು ಕೇಳಲಾರೆವೇ? ಈ ತಿಂಗಳು ಪ್ರತಿ ಘಟಕವೂ ತನ್ನ ಸುತ್ತಿನಲ್ಲಿ ನಿಂತುಹೋದ ಬಸ್ಸುಗಳ ಪಟ್ಟಿ ಮಾಡಿ ಕಳಿಸಲಿ. ಬಂದ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಆ ರೈತರು ತೋಟದ ಮಾತುಕತೆ ಸದ್ಯಕ್ಕೆ ನಿಲ್ಲಿಸಿದ್ದಾರೆ. ಕಾಲೇಜು ಶುರುವಾಗುವುದರೊಳಗೆ ಅವರ ಊರಿಗೆ ಬಸ್ಸು ಬರಬೇಕು. ಬಾರದಿದ್ದರೆ ಆ ತೋಟ ಹೋಗುತ್ತದೆ. ಅದು ನಮ್ಮೆಲ್ಲರ ಸೋಲು.